ಹಳೇ ಗಿಟಾರ್‌ನಲ್ಲಿ ಬ್ಲೂಸ್: ಹೆಬ್ಬೆರಳಿನಿಂದ ಶುರು ಮಾಡಿ

ಬ್ಲೂಸ್ ಎಂಬ ಅಮೆರಿಕದ ಸಂಗೀತ ಕಲಿಯಲು ಹೊಸ ಗಿಟಾರ್ ಬೇಕಾಗಿಲ್ಲ. ಅಟ್ಟದ ಮೇಲೋ ಕಪಾಟಿನ ಹಿಂದೋ ಹಳೇ ಗಿಟಾರ್ ಬಿದ್ದಿದ್ದರೆ ಅದನ್ನೇ ಕೆಳಗಿಳಿಸಿ. ನಮ್ಮ ಬೆಳಗಾವಿಯಲ್ಲಿ ಇಂಥವು ಸಾಕಷ್ಟು ಸಿಗುತ್ತವೆ. ಗೋವಾ ಹತ್ತಿರ. ಕ್ಯಾಂಪ್ ಕಡೆ ಗೋವಾ ಮೂಲದ ಮನೆಗಳಿವೆ. ಚರ್ಚಿನಲ್ಲಿ ಹಾಡು, ಮದುವೆಗೆ ಬ್ಯಾಂಡ್ ಅಂತ ಒಂದು ತಲೆಮಾರು ಗಿಟಾರ್ ಬಾರಿಸಿತು. ಅವರ ಮಕ್ಕಳು ಪುಣೆಗೋ ದುಬೈಗೋ ಹೋದರು, ಗಿಟಾರ್ ಇಲ್ಲೇ ಉಳಿಯಿತು.

ನನ್ನ ಗಿಟಾರ್ ಕೂಡ ಹಾಗೇ ಬಂದದ್ದು. ನಾನು ಆಸ್ಪತ್ರೆಯಲ್ಲಿ ನರ್ಸ್. ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ನಿವೃತ್ತಿಯಾಗಿ ಮಗಳ ಊರಿಗೆ ಹೊರಟಾಗ ತಮ್ಮ ಅಪ್ಪನ ಗಿಟಾರನ್ನು ನನಗೆ ಕೊಟ್ಟರು. 1968ರಲ್ಲಿ ಕೊಂಡದ್ದಂತೆ. ಒಳಗೆ ಅಂಟಿಸಿದ ಚೀಟಿಯನ್ನು ಹುಳು ತಿಂದಿದೆ. ‘ಕಲ್ಕತ್ತಾ’ ಅನ್ನುವ ಒಂದು ಪದ ಮಾತ್ರ ಓದಲು ಬರುತ್ತದೆ.

ಇಂಥ ಸಾದಾ ಗಿಟಾರ್ ಈ ಸಂಗೀತಕ್ಕೆ ಚೆನ್ನಾಗಿ ಹೊಂದುತ್ತದೆ. ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣ ಭಾಗದಲ್ಲಿ, ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ನಡುವೆ. 1920 ಮತ್ತು 30ರ ದಶಕದ ಹಳೇ ರೆಕಾರ್ಡುಗಳಲ್ಲಿ ನಾವು ಕೇಳುವ ಎಷ್ಟೋ ಹಾಡುಗಾರರ ಕೈಯಲ್ಲಿ ಇದ್ದದ್ದು ಕಡಿಮೆ ಬೆಲೆಯ ಗಿಟಾರ್. ಸ್ಟೆಲ್ಲಾ ಎಂಬ ಹೆಸರಿನವು ಆಗ ಬಹಳ ಓಡಾಡುತ್ತಿದ್ದವು. ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ಗಿಟಾರ್ ತರಿಸಿಕೊಳ್ಳುವ ರೂಢಿಯೂ ಇತ್ತು. ಅಂಥ ಅಗ್ಗದ ಗಿಟಾರ್‌ಗಳ ಹಲಗೆಯ ಒಳಗೆ ಮರದ ಪಟ್ಟಿಗಳನ್ನು ಅಡ್ಡಡ್ಡ ಸಾಲಾಗಿ ಅಂಟಿಸಿರುತ್ತಾರೆ. ದುಬಾರಿ ಗಿಟಾರ್‌ಗಳಲ್ಲಿ ಅವು ಒಂದನ್ನೊಂದು ಕತ್ತರಿಸಿಕೊಂಡು ಹೋಗುತ್ತವೆ. ಅಡ್ಡಪಟ್ಟಿಯ ಗಿಟಾರ್‌ನಲ್ಲಿ ನಾದ ಒಣಗಿದ ಹಾಗಿರುತ್ತದೆ, ಬೇಗ ಬರುತ್ತದೆ, ಬೇಗ ನಿಲ್ಲುತ್ತದೆ. ಹೆಬ್ಬೆರಳಿನ ಒಂದೊಂದು ಏಟೂ ಬೇರೆಬೇರೆಯಾಗಿ ಕೇಳುತ್ತದೆ. ಬ್ಲೂಸ್‌ಗೆ ಬೇಕಾದದ್ದು ಅದೇ. ದಂತ ವಿಭಾಗದಿಂದ ಬಾಯಿ ನೋಡುವ ಪುಟ್ಟ ಕನ್ನಡಿ ತಂದು, ಮೊಬೈಲ್ ಟಾರ್ಚ್ ಹಿಡಿದು ನನ್ನ ಗಿಟಾರ್‌ನ ಒಳಗೆ ನೋಡಿದೆ. ಅಡ್ಡಪಟ್ಟಿಗಳೇ ಕಂಡವು. ಬಹಳ ಖುಷಿಯಾಯಿತು.

ಮೊದಲು ಗಿಟಾರನ್ನು ಪರೀಕ್ಷಿಸಿ

ತಂತಿ ಕೊಳ್ಳುವ ಮೊದಲೇ ಈ ಕೆಲಸ ಮಾಡಿ. ಗಿಟಾರ್‌ನ ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಕುತ್ತಿಗೆಯ ಉದ್ದಕ್ಕೂ ನೋಡಿ. ಅದು ಬಿಲ್ಲಿನಂತೆ ಬಾಗಿರಬಾರದು, ತಿರುಚಿಕೊಂಡಿರಬಾರದು. ತುಸು ಬಾಗಿದ್ದರೆ ಪರವಾಗಿಲ್ಲ. ಹಳೇ ಗಿಟಾರ್‌ಗಳಲ್ಲಿ ಎಷ್ಟೋ ಸಲ ಕುತ್ತಿಗೆಯೊಳಗೆ ಕಬ್ಬಿಣದ ರಾಡ್ ಇರುವುದೇ ಇಲ್ಲ. ಹಾಗಾಗಿ ಸ್ಕ್ರೂ ತಿರುಗಿಸಿ ಸರಿಮಾಡುವ ದಾರಿ ಇಲ್ಲ. ತಂತಿಯ ಎಳೆತವನ್ನೇ ಕಡಿಮೆ ಮಾಡಬೇಕು.

ಆಮೇಲೆ ಬ್ರಿಡ್ಜ್ ನೋಡಿ. ಹಲಗೆಯ ಮೇಲೆ ತಂತಿಗಳ ತುದಿ ಹಿಡಿದಿಡುವ ಮರದ ತುಂಡು ಅದು. ಅದರ ಹಿಂದಿನ ಅಂಚಿನ ಕೆಳಗೆ ಒಂದು ತೆಳು ಕಾಗದ ನುಗ್ಗಿಸಿ. ಕಾಗದ ಒಳಗೆ ಹೋದರೆ ಬ್ರಿಡ್ಜ್ ಏಳುತ್ತಿದೆ ಅಂತ ಅರ್ಥ. ಅದಕ್ಕೆ ತಕ್ಷಣ ಅಂಟುವ ಗೋಂದನ್ನು ದಯವಿಟ್ಟು ಹಾಕಬೇಡಿ. ಹಳೇ ವಾದ್ಯಗಳನ್ನು ಜೋಡಿಸುತ್ತಿದ್ದ ಮರವಜ್ರದಂಥ ಗೋಂದು ಬಿಸಿ ಮತ್ತು ತೇವಕ್ಕೆ ಬಿಡುತ್ತದೆ, ಬಿಚ್ಚಿ ಮತ್ತೆ ಕೂರಿಸಬಹುದು. ತಕ್ಷಣ ಅಂಟುವ ಗೋಂದು ಹಾಕಿದರೆ ಮುಂದೆ ಯಾರೂ ಅದನ್ನು ನೀಟಾಗಿ ಬಿಚ್ಚಲಾರರು. ಹಿಂಭಾಗವನ್ನು ಬೆರಳ ಗಂಟಿನಿಂದ ಅಲ್ಲಲ್ಲಿ ತಟ್ಟಿ. ಎಲ್ಲಾದರೂ ಜರ್ ಎಂದು ಸದ್ದು ಬಂದರೆ ಒಳಗಿನ ಪಟ್ಟಿ ಸಡಿಲವಾಗಿದೆ.

ತಂತಿ ಹಾಕಿದ ಮೇಲೆ 12ನೇ ಫ್ರೆಟ್ (ಕುತ್ತಿಗೆಗೆ ಅಡ್ಡವಾಗಿ ಕೂರಿಸಿದ ಲೋಹದ ಪಟ್ಟಿ, ಎಣಿಕೆ ತಲೆಯ ಕಡೆಯಿಂದ) ಹತ್ತಿರ ಸ್ಟೀಲ್ ಸ್ಕೇಲ್ ಹಿಡಿದು ಎತ್ತರ ಅಳೆಯಿರಿ. ಫ್ರೆಟ್ಟಿನ ತಲೆಯಿಂದ ದಪ್ಪ ತಂತಿಯ ತಳದವರೆಗೆ 2.5ರಿಂದ 3 ಮಿಲಿಮೀಟರ್ ಇದ್ದರೆ ಆರಾಮ. 4 ದಾಟಿದ್ದರೆ ಎಡಗೈಗೆ ಸುಮ್ನೆ ಶಿಕ್ಷೆ. ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿಗಳು ಕೂರುವ ತೆಳು ಪಟ್ಟಿ) ಉಜ್ಜಿ ಇಳಿಸಬಹುದೇ ಅಂತ ಬಲ್ಲವರಿಗೆ ತೋರಿಸಿ.

ಗಿಟಾರ್ ರಿಪೇರಿಯವರೇ ಬೇಕೆಂದೇನಿಲ್ಲ. ಹಾರ್ಮೋನಿಯಂ, ತಂಬೂರಿ ರಿಪೇರಿ ಮಾಡುವವರಿಗೆ ಮರ, ಗೋಂದು, ತಂತಿ ಮೂರೂ ಗೊತ್ತಿರುತ್ತವೆ. ನಾನು ಹೋದದ್ದು ಹಾರ್ಮೋನಿಯಂ ರಿಪೇರಿಯ ವಯಸ್ಸಾದ ಕಾಕಾ ಒಬ್ಬರ ಹತ್ತಿರ. ಅವರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಹಳ ಹೊತ್ತು ಸವರಿ ನೋಡಿದರು. “ಅಕ್ಕಾರ, ಒಮ್ಮೆಲೆ ಬಿಗೀಬ್ಯಾಡ್ರಿ. ಭಾಳ ವರ್ಷ ಸಡ್ಲ ಇದ್ದದ್ದೈತಿ. ಇವತ್ತ ಸ್ವಲ್ಪ, ನಾಳಿ ಸ್ವಲ್ಪ” ಅಂದರು. ನೀವೂ ಹಾಗೇ ಮಾಡಿ. ಹೊಸ ತಂತಿಯನ್ನು ಮೊದಲ ದಿನ ಸಡಿಲವಾಗಿ ಹಾಕಿ ಬಿಡಿ. ಕೆಲವು ದಿನಗಳಲ್ಲಿ ಮೆಲ್ಲಗೆ ಶ್ರುತಿಗೆ ತನ್ನಿ. ನಡುವೆ ದಿನಾ ಬ್ರಿಡ್ಜ್ ಕೆಳಗೆ ಕಾಗದದ ಪರೀಕ್ಷೆ ಮಾಡಿ.

ಇನ್ನೊಂದು ಮಾತು, ಇದು ನಮ್ಮ ಕೆಲಸದವರಿಗೆ ಮುಖ್ಯ. ಸ್ಪಿರಿಟ್‌ನಿಂದ ಗಿಟಾರ್ ಒರೆಸಬೇಡಿ. ಹಳೇ ವಾದ್ಯಗಳ ಹೊಳಪು ಅರಗಿನ ಪಾಲಿಶ್ ಆಗಿದ್ದರೆ ಸ್ಪಿರಿಟ್ ಅದನ್ನು ಕರಗಿಸಿಬಿಡುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲೂ ಆಲ್ಕೋಹಾಲ್ ಇರುತ್ತದೆ. ಅದು ಪೂರ್ತಿ ಆರಿದ ಮೇಲೆ ಗಿಟಾರ್ ಮುಟ್ಟಿ. ಧೂಳು ತೆಗೆಯಲು ಮೆತ್ತಗಿನ ಹಳೇ ಹತ್ತಿ ಬಟ್ಟೆ, ತುಸು ತೇವ, ಅಷ್ಟು ಸಾಕು.

ತಂತಿ ಮತ್ತು ಶ್ರುತಿ

ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು 12–53 ಅಳತೆಯ ಸೆಟ್. ತೀರಾ ತೆಳು ಮತ್ತು ತೀರಾ ದಪ್ಪ ತಂತಿಯ ದಪ್ಪವನ್ನು ಇಂಚಿನ ಸಾವಿರದ ಪಾಲಿನಲ್ಲಿ ಹೇಳುವ ಲೆಕ್ಕ ಇದು. ಅದನ್ನು ಪೂರ್ತಿ ಶ್ರುತಿಗೆ ಬಿಗಿದರೆ ಆರೂ ತಂತಿಗಳ ಎಳೆತ ಸೇರಿ 70 ಕೆಜಿ ದಾಟುತ್ತದೆ. ಅರವತ್ತರ ಹತ್ತಿರದ ಮರಕ್ಕೆ ಅದು ಜಾಸ್ತಿ ಆಯಿತು. ನಾನು ಹಾಕುವುದು 11–52. ಶ್ರುತಿಯನ್ನೂ ಒಂದು ಪೂರ್ತಿ ಸ್ವರ, ಅಂದರೆ ಎರಡು ಫ್ರೆಟ್ಟಿನಷ್ಟು, ಕೆಳಗಿಡುತ್ತೇನೆ. ಹೀಗೆ ಇಳಿಸಿದರೆ ಎಳೆತ ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಒಟ್ಟು ಭಾರ 55 ಕೆಜಿಯ ಒಳಗೇ ಉಳಿಯುತ್ತದೆ. ಮರಕ್ಕೂ ಆರಾಮ, ಬೆರಳಿಗೂ ಆರಾಮ. ದನಿ ಕೂಡ ತುಸು ಕೆಳಗಿಳಿದು ಗಂಭೀರವಾಗುತ್ತದೆ.

ಇದರಲ್ಲಿ ಇನ್ನೊಂದು ಅನುಕೂಲ ಇದೆ. ಒಂದು ಸ್ವರ ಇಳಿಸಿದಾಗ ಆರು ತಂತಿಗಳ ಶ್ರುತಿ ದಪ್ಪದಿಂದ ತೆಳುವಿನವರೆಗೆ ಡಿ, ಜಿ, ಸಿ, ಎಫ್, ಎ, ಡಿ ಆಗುತ್ತದೆ. ಹಾರ್ಮೋನಿಯಂನಲ್ಲಿ ಇವೆಲ್ಲ ಬಿಳಿ ಮನೆಗಳೇ. ಬಿಳಿ ಎರಡು, ಐದು, ಒಂದು, ನಾಲ್ಕು, ಆರು, ಮತ್ತೆ ಎರಡು. ನಮ್ಮ ಕಡೆ ಭಜನೆ ಇರುವ ಮನೆಯಲ್ಲಿ ಹಾರ್ಮೋನಿಯಂ ಇದ್ದೇ ಇರುತ್ತದೆ. ಮೊಬೈಲ್ ಟ್ಯೂನರ್ ಬಿಟ್ಟು ಹಾರ್ಮೋನಿಯಂ ಹಿಡಿದು ಶ್ರುತಿ ಮಾಡಿ. ಕಿವಿ ಪಳಗುತ್ತದೆ. ತೀರಾ ದಪ್ಪ ತಂತಿಯ ಮಂದ್ರ ನಿಮ್ಮ ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಮೇಲಿನ ಸಪ್ತಕದ ಅದೇ ಸ್ವರಕ್ಕೆ ಹೊಂದಿಸಿ.

ಯಾರಾದರೂ ಜೊತೆಗೆ ನುಡಿಸಲು ಬಂದರೆ 2ನೇ ಫ್ರೆಟ್‌ನಲ್ಲಿ ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ಎಲ್ಲರ ಶ್ರುತಿಗೆ ಬರುತ್ತೀರಿ, ಎಳೆತ ಮಾತ್ರ ಹೆಚ್ಚುವುದಿಲ್ಲ. ತಂತಿಯ ಎತ್ತರವೂ ತುಸು ಕಡಿಮೆಯಾಗುತ್ತದೆ.

ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಮುಂದೆ ನಾನು ಇ ಕಾರ್ಡ್, ಎ ಕಾರ್ಡ್ ಅಂತ ಬರೆದಾಗ ಬೆರಳಿಡುವ ರೀತಿಯ ಹೆಸರು ಅಂತ ತಿಳಿಯಿರಿ. ಶ್ರುತಿ ಇಳಿಸಿದ್ದರಿಂದ ಕೇಳುವ ಸ್ವರ ಒಂದು ಸ್ವರ ಕೆಳಗಿರುತ್ತದೆ. ತೆಳು ತಂತಿ 1ನೆಯದು, ದಪ್ಪದ್ದು 6ನೆಯದು.

ಬೆಳಗಾವಿಯ ಹವೆಯ ಬಗ್ಗೆ ಒಂದಿಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆಯೂ ಒದ್ದೆ. ಮರ ನೀರು ಕುಡಿದು ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಔಷಧದ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಟ್ಟು ಗಿಟಾರ್ ಪೆಟ್ಟಿಗೆಯಲ್ಲಿ ಹಾಕಿ. ಮಾರ್ಚ್ ಬಂದ ಕೂಡಲೇ ಅವನ್ನು ತೆಗೆಯಿರಿ. ಬೇಸಿಗೆಯಲ್ಲಿ ಮರ ಒಣಗಿ ಸೀಳುವ ಭಯ. ಆಗ ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಸ್ಪಂಜಿನ ತುಂಡಿಟ್ಟು, ಮರಕ್ಕೆ ತಾಗದ ಹಾಗೆ ಪೆಟ್ಟಿಗೆಯೊಳಗೆ ಇಡಬೇಕು. ತೇವ ತೋರಿಸುವ ಸಣ್ಣ ಮೀಟರ್ ಸಿಗುತ್ತದೆ. ಅದು 45ರಿಂದ 55 ಪರ್ಸೆಂಟ್ ನಡುವೆ ಇದ್ದರೆ ನಿಶ್ಚಿಂತೆ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಮಾತ್ರ ಎಂದೂ ಗಿಟಾರ್ ಬಿಡಬೇಡಿ. ಗೋಂದು ಮೆತ್ತಗಾಗುತ್ತದೆ.

ಹೆಬ್ಬೆರಳು

ಇಲ್ಲಿಂದ ಕಲಿಕೆ. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನೇ ಇಡಿ: ಬಲಗೈ ಹೆಬ್ಬೆರಳು ತಾನಾಗಿ ನಡೆಯುವವರೆಗೆ ಬೇರೆ ಏನನ್ನೂ ಮುಟ್ಟಬೇಡಿ. ಎಲ್ಲರೂ ತೆಳು ತಂತಿಯ ಚಂದದ ತುಣುಕುಗಳನ್ನು ಮೊದಲು ಕಲಿಯುತ್ತಾರೆ. ಆಮೇಲೆ ಹೆಬ್ಬೆರಳನ್ನು ಅದರ ಕೆಳಗೆ ಸೇರಿಸಲು ಒದ್ದಾಡುತ್ತಾರೆ. ಒಬ್ಬರೇ ಕೂತು ನುಡಿಸುವ ಬ್ಲೂಸ್‌ನಲ್ಲಿ ತಬಲಾ ಇಲ್ಲ, ತಂಬೂರಿ ಇಲ್ಲ. ಆ ಎರಡೂ ಕೆಲಸ ಹೆಬ್ಬೆರಳಿನದೇ. ಅದು ಗಟ್ಟಿಯಾದರೆ ಉಳಿದ ಬೆರಳು ಎರಡೇ ಸ್ವರ ನುಡಿಸಿದರೂ ಹಾಡು ನಿಲ್ಲುತ್ತದೆ.

ಪಿಕ್ (ತಂತಿ ಮೀಟುವ ಪ್ಲಾಸ್ಟಿಕ್ ಚೂರು) ಬೇಡ, ಉಗುರೂ ಬೇಡ. ಆಸ್ಪತ್ರೆಯಲ್ಲಿ ನಾವು ಉಗುರು ಬೆಳೆಸುವ ಹಾಗಿಲ್ಲ. ಆದ್ದರಿಂದ ನಾನು ಬೆರಳ ಮಾಂಸದಿಂದಲೇ ನುಡಿಸುತ್ತೇನೆ. ಸದ್ದು ತುಸು ಸಣ್ಣದು, ಆದರೆ ದುಂಡಗಿರುತ್ತದೆ. ರಾತ್ರಿ ಹತ್ತಕ್ಕೆ ನುಡಿಸಿದರೂ ಅತ್ತೆಯವರ ನಿದ್ದೆ ಕೆಡುವುದಿಲ್ಲ. ಮಿಸಿಸಿಪಿ ಜಾನ್ ಹರ್ಟ್ ಅವರಂಥ ದೊಡ್ಡ ಬ್ಲೂಸ್ ಕಲಾವಿದರೂ ಬರಿ ಬೆರಳಿನಿಂದಲೇ ನುಡಿಸಿದರು.

ಬಲ ಅಂಗೈಯ ಅಂಚನ್ನು ಬ್ರಿಡ್ಜ್ ಹತ್ತಿರ ದಪ್ಪ ತಂತಿಗಳ ಮೇಲೆ ಹಗುರವಾಗಿ ಇಡಿ. ತಂತಿ ಪೂರ್ತಿ ಸಾಯಬಾರದು, ಪೂರ್ತಿ ಮೊಳಗಲೂಬಾರದು. ‘ಧಂ’ ಅಂತ ಮೊಟಕಾಗಿ ಬರಬೇಕು. ಈಗ ಹೆಬ್ಬೆರಳಿನಿಂದ 6ನೇ ತಂತಿಯನ್ನು ಕೆಳಮುಖವಾಗಿ ಹೊಡೆಯಿರಿ. ಒಂದು, ಎರಡು, ಮೂರು, ನಾಲ್ಕು. ಬಾಯಿಬಿಟ್ಟು ಎಣಿಸಿ. ಎಡಗೈಗೆ ಕೆಲಸವೇ ಇಲ್ಲ.

ತಾಳ ಬಡಿಯುವ ಮೆಟ್ರೊನೋಮ್ ಆಪ್ ಇದ್ದರೆ ನಿಮಿಷಕ್ಕೆ 50 ಏಟಿಗೆ ಇಡಿ. 50 ಬಹಳ ನಿಧಾನ, ಒಂದೊಂದು ಏಟಿನ ನಡುವೆ ಜಾಗ ಜಾಸ್ತಿ. ಆ ಜಾಗದಲ್ಲಿ ಅವಸರ ಮಾಡದೆ ಕೂರುವುದೇ ಅಭ್ಯಾಸ. ನಮ್ಮ ಮನೆ ವಡಗಾವಿಯಲ್ಲಿ. ಓಣಿಯಲ್ಲಿ ಪವರ್‌ಲೂಮ್‌ಗಳು ನಡೆಯುತ್ತಲೇ ಇರುತ್ತವೆ. ರಾತ್ರಿ ಡ್ಯೂಟಿ ಮುಗಿಸಿ ಮಲಗೆದ್ದು ಮಧ್ಯಾಹ್ನ ಗಿಟಾರ್ ಹಿಡಿದರೆ ನನಗೆ ಆಪ್ ಬೇಕಾಗುವುದಿಲ್ಲ. ಮಗ್ಗ ಎರಡು ಸಲ ಬಡಿದಾಗ ನಾನು ಒಂದು ಸಲ. ಯಂತ್ರ ಸುಸ್ತಾಗುವುದಿಲ್ಲ, ಓಡುವುದೂ ಇಲ್ಲ. ಅದರ ಜೊತೆ ನುಡಿಸಿದರೆ ನಾವು ಎಲ್ಲಿ ಮುಂದೆ ಓಡುತ್ತೇವೆ ಅಂತ ಕೂಡಲೇ ಗೊತ್ತಾಗುತ್ತದೆ.

ಇದು ಬಂದ ಮೇಲೆ 12 ಬಾರ್‌ನ ಸುತ್ತು, ಬ್ಲೂಸ್ ಹಾಡಿನ ಒಂದು ಆವರ್ತನ. ಒಂದು ಬಾರ್ ಅಂದರೆ ನಾಲ್ಕು ಏಟು. ನಾಲ್ಕು ಬಾರ್ ಇ, ಎರಡು ಬಾರ್ ಎ, ಎರಡು ಬಾರ್ ಇ. ಆಮೇಲೆ ಒಂದು ಬಾರ್ ಬಿ7, ಒಂದು ಬಾರ್ ಎ, ಒಂದು ಬಾರ್ ಇ, ಕೊನೆಗೆ ಒಂದು ಬಾರ್ ಬಿ7. ಅಲ್ಲಿಂದ ಮತ್ತೆ ಮೊದಲಿಗೆ. ಪೂರ್ತಿ ಕಾರ್ಡ್ ಹಿಡಿಯಬೇಡಿ. ಇ ಇದ್ದಾಗ ಖಾಲಿ (ಎಡಗೈಯಿಂದ ಒತ್ತದ) 6ನೇ ತಂತಿ. ಎ ಇದ್ದಾಗ ಖಾಲಿ 5ನೇ ತಂತಿ. ಬಿ7 ಇದ್ದಾಗ 5ನೇ ತಂತಿಯನ್ನು 2ನೇ ಫ್ರೆಟ್‌ನಲ್ಲಿ ಒಂದು ಬೆರಳಿನಿಂದ ಒತ್ತಿ. ಇಷ್ಟರಲ್ಲೇ ಇಡೀ ಸುತ್ತು ಮುಗಿಯುತ್ತದೆ. ಸುತ್ತು ಎಲ್ಲಿದೆ ಅಂತ ಎಣಿಸದೆಯೂ ಮೈಗೆ ಗೊತ್ತಾಗುವವರೆಗೆ ನುಡಿಸಿ.

ಒಂದೇ ಖಾಲಿ ತಂತಿಯ ಮೇಲೆ ಕೂತ ಈ ಬೇಸ್‌ನಿಂದ (ಹೆಬ್ಬೆರಳಿನ ಮಂದ್ರ ಸ್ವರದಿಂದ) ಏನೇನು ಮಾಡಬಹುದು ಅಂತ ಕೇಳಬೇಕಾದರೆ ಬಿಗ್ ಬಿಲ್ ಬ್ರೂನ್ಜಿ ಮತ್ತು ಲೈಟ್ನಿನ್ ಹಾಪ್ಕಿನ್ಸ್ ಅವರನ್ನು ಕೇಳಿ. ಮೊದಲ ಸಲ ಕೇಳುವಾಗ ಹೆಬ್ಬೆರಳನ್ನು ಮಾತ್ರ ಹಿಂಬಾಲಿಸಿ. ಯೂಟ್ಯೂಬ್‌ನಲ್ಲಿ ಪ್ಲೇಬ್ಯಾಕ್ ಸ್ಪೀಡನ್ನು 0.75ಕ್ಕೋ 0.5ಕ್ಕೋ ಇಳಿಸಬಹುದು. ಸ್ವರ ಬದಲಾಗುವುದಿಲ್ಲ, ವೇಗ ಮಾತ್ರ ಇಳಿಯುತ್ತದೆ.

ಹೆಬ್ಬೆರಳು ತಯಾರಾಯಿತೇ ಅಂತ ತಿಳಿಯಲು ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ನುಡಿಸುತ್ತಾ ಮಾತಾಡಿ. ನಮ್ಮ ಅತ್ತೆ ಅಡುಗೆಮನೆಯಿಂದ “ಸಂಜೀಕ ಏನ ಮಾಡೂಣು? ಪುಂಡಿಪಲ್ಯ ಐತಿ, ಬದ್ನಿಕಾಯಿ ಐತಿ” ಅಂತ ಕೇಳುತ್ತಾರೆ. ನಾನು ಉತ್ತರ ಕೊಡಬೇಕು, ಹೆಬ್ಬೆರಳು ಒಂದೇ ಒಂದು ಏಟನ್ನೂ ಬಿಡಬಾರದು. ಮಾತು ತೊದಲಿದರೂ ಏಟು ತಪ್ಪಿದರೂ ಇನ್ನೂ ಕೆಲವು ದಿನ ಹೆಬ್ಬೆರಳೊಂದೇ.

ದಿನಕ್ಕೆ ಎಷ್ಟು ಹೊತ್ತು? ಕಾಲು ಗಂಟೆ ಸಾಕು, ಆದರೆ ದಿನಾ. ವಾರಕ್ಕೊಮ್ಮೆ ಮೂರು ಗಂಟೆ ಕೂತರೆ ಬೆರಳು ನೋಯುತ್ತದೆ, ಕಲಿಕೆ ಅಷ್ಟು ಆಗುವುದಿಲ್ಲ. ಎಡಗೈ ಬೆರಳ ತುದಿ ಮೊದಮೊದಲು ಉರಿಯುವುದು ಸಹಜ, ಚರ್ಮ ಗಟ್ಟಿಯಾಗುತ್ತದೆ. ಪಾತ್ರೆ ತೊಳೆದ ಕೂಡಲೇ ನುಡಿಸಬೇಡಿ. ನೀರಲ್ಲಿ ಮೆತ್ತಗಾದ ಚರ್ಮವನ್ನು ತಂತಿ ಕೊಯ್ಯುತ್ತದೆ. ಮಣಿಕಟ್ಟಿನಲ್ಲಿ ನೋವು, ಬೆರಳಲ್ಲಿ ಜೋಮು ಬಂದರೆ ಅದು ಬೇರೆ ವಿಷಯ. ಅಲ್ಲಿಗೇ ನಿಲ್ಲಿಸಿ. ಮತ್ತೆ ಮತ್ತೆ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ತೋರುಬೆರಳು

ಈಗ 1ನೇ ತಂತಿಯನ್ನು ತೋರುಬೆರಳಿನಿಂದ ಮೇಲ್ಮುಖವಾಗಿ ಮೀಟಿ. ಮೊದಲು ಹೆಬ್ಬೆರಳಿನ ಒಂದನೇ ಏಟಿನ ಜೊತೆಗೇ, ಎರಡನ್ನೂ ಚಿವುಟಿದ ಹಾಗೆ. ಆಮೇಲೆ ಮೂರನೇ ಏಟಿನ ಜೊತೆ. ಇದು ಸುಲಭ.

ಕಷ್ಟ ಇರುವುದು ಏಟುಗಳ ನಡುವೆ ಮೀಟುವಾಗ. ಬ್ಲೂಸ್‌ನ ಲಯ ಸಮಸಮ ಇರುವುದಿಲ್ಲ. ಒಂದು ಏಟನ್ನು ಮೂರು ಪಾಲು ಮಾಡಿ ‘ತಕಿಟ’ ಅನ್ನಿ. ಹೆಬ್ಬೆರಳು ‘ತ’ ಮೇಲೆ. ತೋರುಬೆರಳು ‘ಟ’ ಮೇಲೆ. ನಡುವಿನ ‘ಕಿ’ ಖಾಲಿ. ತ–ಟ, ತ–ಟ, ತ–ಟ. ಉದ್ದ, ಗಿಡ್ಡ, ಉದ್ದ, ಗಿಡ್ಡ. ಬಾಯಲ್ಲಿ ತಕಿಟ ಹೇಳುತ್ತಾ ಮಾಡಿದರೆ ಬೇಗ ಕೂರುತ್ತದೆ. ತೋರುಬೆರಳು ಬಂದಾಗ ಹೆಬ್ಬೆರಳು ತಡವರಿಸಿದರೆ ವೇಗ ಇನ್ನೂ ಇಳಿಸಿ. 40ಕ್ಕೆ ಇಳಿಸಿದರೂ ತಪ್ಪಿಲ್ಲ.

ಧಾನಿಯ ಐದು ಸ್ವರ

ಹಿಂದೂಸ್ತಾನಿ ಕೇಳಿ ಬೆಳೆದ ಊರು ನಮ್ಮದು. ಹಾಗಾಗಿ ಬ್ಲೂಸ್‌ನ ಸ್ವರಗಳನ್ನು ಹೊಸದಾಗಿ ಬಾಯಿಪಾಠ ಮಾಡುವ ಕಷ್ಟ ನಮಗಿಲ್ಲ. ಸಾ, ಕೋಮಲ ಗ, ಮ, ಪ, ಕೋಮಲ ನಿ. ಇವು ಧಾನಿ ರಾಗದ ಸ್ವರಗಳು. ಬ್ಲೂಸ್‌ನವರು ಮೈನರ್ ಪೆಂಟಟಾನಿಕ್ ಅನ್ನುವುದರಲ್ಲಿ ಇರುವುದೂ ಇವೇ ಐದು. ಹಾಗಂತ ಎರಡೂ ಒಂದೇ ಅಲ್ಲ. ರಾಗಕ್ಕೆ ಅದರದೇ ಚಲನೆ ಇದೆ. ಆದರೆ ಗಿಟಾರ್ ಮೇಲೆ ಜಾಗ ಹುಡುಕಲು ಇದು ಬಹಳ ಸಹಾಯ ಮಾಡುತ್ತದೆ.

ಖಾಲಿ 6ನೇ ತಂತಿ ಸಾ. ಅದರ 3ನೇ ಫ್ರೆಟ್ ಕೋಮಲ ಗ. ಖಾಲಿ 5ನೇ ತಂತಿ ಮ, ಅದರ 2ನೇ ಫ್ರೆಟ್ ಪ. ಖಾಲಿ 4ನೇ ತಂತಿ ಕೋಮಲ ನಿ, ಅದರ 2ನೇ ಫ್ರೆಟ್ ಮೇಲಿನ ಸಾ. ಖಾಲಿ 3ನೇ ತಂತಿ ಕೋಮಲ ಗ, ಅದರ 2ನೇ ಫ್ರೆಟ್ ಮ. ಖಾಲಿ 2ನೇ ತಂತಿ ಪ, ಅದರ 3ನೇ ಫ್ರೆಟ್ ಕೋಮಲ ನಿ. ಖಾಲಿ 1ನೇ ತಂತಿ ಮತ್ತೆ ಸಾ, ಅದರ 3ನೇ ಫ್ರೆಟ್ ಕೋಮಲ ಗ. ಅರ್ಧಕ್ಕರ್ಧ ಸ್ವರ ಖಾಲಿ ತಂತಿಯಲ್ಲೇ ಸಿಗುತ್ತವೆ. ಇ ಕಾರ್ಡಿನಿಂದ ಶುರು ಮಾಡಿ ಅಂತ ನಾನು ಹೇಳುವುದು ಇದಕ್ಕೇ.

ಹೆಬ್ಬೆರಳನ್ನು ಸಾ ಮೇಲೆ ಬಿಟ್ಟು, ತೆಳುವಾದ ಮೂರು ತಂತಿಗಳಲ್ಲಿ ಎರಡು ಮೂರು ಸ್ವರ ಮಾತ್ರ ಆರಿಸಿ. ಅವನ್ನೇ ಹಿಂದೆ ಮುಂದೆ ಮಾಡಿ ನುಡಿಸಿ. ಸ್ವರ ಹೆಚ್ಚು ಮಾಡಲು ಹೋಗಬೇಡಿ.

ಇನ್ನು ಬ್ಲೂಸ್‌ನ ಜೀವ ಇರುವ ಜಾಗ. ಅದು ಕೋಮಲ ಗ ಮತ್ತು ಶುದ್ಧ ಗ ಇವೆರಡರ ನಡುವೆ ಇದೆ. ಜೋಗ್ ರಾಗದಲ್ಲಿ ಎರಡೂ ಗಾಂಧಾರ ಬರುತ್ತವೆ, ಅದನ್ನು ಕೇಳಿದವರಿಗೆ ಈ ಸೆಳೆತ ಪರಿಚಯ ಇರುತ್ತದೆ. ಬ್ಲೂಸ್‌ನಲ್ಲಿ ಹಾಡುವವರು ಎರಡರ ನಡುವಿನ ಸಂದಿಯಲ್ಲೇ ನಿಲ್ಲುತ್ತಾರೆ. ಹಾರ್ಮೋನಿಯಂನಲ್ಲಿ ಆ ಜಾಗ ಇಲ್ಲ. ರಾಮಭಾವು ವಿಜಾಪುರೆ ಅವರಂಥ ದೊಡ್ಡ ಹಾರ್ಮೋನಿಯಂ ಗುರು ಬಾಳಿದ ಊರಲ್ಲಿ ಕೂತು ಇದನ್ನು ಪೂರ್ತಿ ಗೌರವದಿಂದಲೇ ಹೇಳುತ್ತಿದ್ದೇನೆ. ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಬರುವುದಿಲ್ಲ ಎಂಬಂಥ ಆಕ್ಷೇಪಗಳಿಂದ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಅದು ಎಷ್ಟೋ ವರ್ಷ ನಡೆಯಿತು.

ಗಿಟಾರ್‌ನಲ್ಲಿ ಆ ಸಂದಿಗೆ ಹೋಗಲು ಎರಡು ದಾರಿ. ಒಂದು, 1ನೇ ತಂತಿಯ 3ನೇ ಫ್ರೆಟ್ ಒತ್ತಿ, ಅಲ್ಲೇ ತಂತಿಯನ್ನು ದಪ್ಪ ತಂತಿಗಳ ಕಡೆಗೆ ಚೂರು ತಳ್ಳಿ. ಶುದ್ಧ ಗ ಮುಟ್ಟಬಾರದು, ಅರ್ಧ ದಾರಿಯಲ್ಲಿ ನಿಲ್ಲಬೇಕು. 6ನೇ ತಂತಿಯ 3ನೇ ಫ್ರೆಟ್‌ನಲ್ಲಾದರೆ ನೆಲದ ಕಡೆಗೆ ಎಳೆಯಿರಿ. ಇನ್ನೊಂದು, ಖಾಲಿ 3ನೇ ತಂತಿ ಮೀಟಿ, ಅದು ನುಡಿಯುತ್ತಿರುವಾಗಲೇ ಎಡಗೈ ತೋರುಬೆರಳನ್ನು 1ನೇ ಫ್ರೆಟ್ ಮೇಲೆ ಟಕ್ ಅಂತ ಇಳಿಸಿ. ಕೋಮಲ ಗ ಶುದ್ಧ ಗ ಆಗಿ ಜಾರುತ್ತದೆ. ಬ್ಲೂಸ್ ಕೇಳಿದಾಗ ನೂರು ಸಲ ಕಿವಿಗೆ ಬೀಳುವ ತುಣುಕು ಇದು.

ಎಷ್ಟು ತಳ್ಳಬೇಕು ಅನ್ನುವುದನ್ನು ಕಣ್ಣಿನಿಂದ ಅಳೆಯಲು ಬರುವುದಿಲ್ಲ. ಮೊದಲು ಬಾಯಲ್ಲಿ ಹಾಡಿ, ಆಮೇಲೆ ಬೆರಳನ್ನು ಅಲ್ಲಿಗೆ ತನ್ನಿ. ಸವದತ್ತಿ ಯಲ್ಲಮ್ಮನ ಹೆಸರಲ್ಲಿ ಮಂಗಳವಾರ, ಶುಕ್ರವಾರ ಓಣಿಗೆ ಬರುವ ಜೋಗತಿಯರ ಚೌಡಿಕೆ ಕೇಳಿದ್ದೀರಲ್ವಾ? ಒಂದೇ ತಂತಿ. ಎಳೆತ ಬಿಗಿ–ಸಡಿಲ ಮಾಡುತ್ತಲೇ ಅದನ್ನು ಮಾತಾಡಿಸುತ್ತಾರೆ. ನಾನು ತಂತಿ ಬಗ್ಗಿಸುವುದನ್ನು ಅಭ್ಯಾಸ ಮಾಡುವಾಗ ಆ ಸದ್ದನ್ನೇ ಕಿವಿಯಲ್ಲಿಟ್ಟುಕೊಳ್ಳುತ್ತೇನೆ.

ದನಿ ಸೇರಿಸಿ

ಬ್ಲೂಸ್ ಹಾಡಿನ ಸಾಲು ಸಾಮಾನ್ಯವಾಗಿ ಮೂರು. ಮೊದಲ ಸಾಲನ್ನೇ ಎರಡನೇ ಸಲ ಹೇಳಿ, ಮೂರನೆಯದರಲ್ಲಿ ಉತ್ತರ ಕೊಡುತ್ತಾರೆ. ಒಂದೊಂದು ಸಾಲಿಗೆ ನಾಲ್ಕು ಬಾರ್. ಅದರಲ್ಲಿ ಸುಮಾರು ಎರಡು ಬಾರ್ ಬಾಯಿಗೆ, ಉಳಿದ ಎರಡು ಬಾರ್ ಗಿಟಾರ್‌ಗೆ. ಬಾಯಿ ಕೇಳುತ್ತದೆ, ತಂತಿ ಉತ್ತರಿಸುತ್ತದೆ. ಬೀಸುವ ಪದಗಳ ತ್ರಿಪದಿ ಕೇಳಿದವರಿಗೆ ಮೂರು ಸಾಲಿನ ಅಳತೆ, ಸಾಲನ್ನು ತಿರುಗಿ ಹೇಳುವ ರೂಢಿ ಎರಡೂ ಗೊತ್ತು.

ದನಿ ಚೆನ್ನಾಗಿಲ್ಲ ಅಂತ ಹಿಂಜರಿಯಬೇಡಿ, ಹಾಡಿ. ಇಂಗ್ಲಿಷ್ ಬಾರದಿದ್ದರೆ ನಮ್ಮ ಮಾತಿನಲ್ಲೇ ಹಾಡಿ. ನಾನು ಕಟ್ಟಿಕೊಂಡದ್ದು ಇದು:

ರಾತ್ರಿ ಡ್ಯೂಟಿ ಮುಗದೈತಿ, ಬಸ್ಸ ಇನ್ನ ಬಂದಿಲ್ಲ
ರಾತ್ರಿ ಡ್ಯೂಟಿ ಮುಗದೈತಿ, ಬಸ್ಸ ಇನ್ನ ಬಂದಿಲ್ಲ
ಮನಿಯಾಗ ಎದ್ದ ಮಗಳಿಗಿ ಹಾಲ ಯಾರ ಕೊಟ್ಟಾರೊ ಗೊತ್ತಿಲ್ಲ

ಮೊದಲ ಸಾಲು ಇ ಕಾರ್ಡಿನ ಮೇಲೆ, ಎರಡನೆಯದು ಎ ಮೇಲೆ, ಮೂರನೆಯದು ಬಿ7 ಮೇಲೆ ಶುರುವಾಗುತ್ತದೆ. ಸಾಲು ಮುಗಿದ ಕೂಡಲೇ ಗಿಟಾರ್‌ನಲ್ಲಿ ಎರಡು ಮೂರು ಸ್ವರದ ಉತ್ತರ. ಹಾಡುವಾಗ ಹೆಬ್ಬೆರಳು ನಿಂತರೆ ಹಾಡನ್ನು ಬಿಟ್ಟು ಅದೇ ಸಾಲನ್ನು ತಾಳಕ್ಕೆ ಸರಿಯಾಗಿ ಬರಿ ಮಾತಾಗಿ ಹೇಳಿ, ಆಮೇಲೆ ಸ್ವರ ಹಚ್ಚಿ.

ಸುತ್ತಿನ ಕೊನೆಯ ಎರಡು ಬಾರ್‌ಗೆ ಒಂದು ಇಳಿಯುವ ತುಣುಕು ಕಲಿತುಬಿಡಿ. ಬಹಳ ಹಳೇದು, ಎಲ್ಲ ಕಡೆ ಹೊಂದುತ್ತದೆ. ಎಡಗೈ ನಡುಬೆರಳು 3ನೇ ತಂತಿಯ 4ನೇ ಫ್ರೆಟ್ ಮೇಲೆ, ಉಂಗುರ ಬೆರಳು 1ನೇ ತಂತಿಯ 4ನೇ ಫ್ರೆಟ್ ಮೇಲೆ. 11ನೇ ಬಾರ್‌ನ ಮೊದಲ ಏಟಿಗೆ ಬರೀ ಹೆಬ್ಬೆರಳು. ಎರಡನೇ ಏಟಿಗೆ ಈ ಎರಡು ತಂತಿಗಳನ್ನು ತೋರುಬೆರಳು ಮತ್ತು ನಡುಬೆರಳಿನಿಂದ ಒಟ್ಟಿಗೆ ಮೀಟಿ. ಮೂರನೇ ಏಟಿಗೆ ಅದೇ ಆಕಾರವನ್ನು 3ನೇ ಫ್ರೆಟ್‌ಗೆ ಜಾರಿಸಿ, ನಾಲ್ಕಕ್ಕೆ 2ನೇ ಫ್ರೆಟ್‌ಗೆ. 12ನೇ ಬಾರ್‌ನ ಮೊದಲ ಏಟಿಗೆ 3ನೇ ತಂತಿಯ 1ನೇ ಫ್ರೆಟ್ ಮತ್ತು ಖಾಲಿ 1ನೇ ತಂತಿ. ಮೂರನೇ ಏಟಿಗೆ ಬಿ7. ಅಷ್ಟೂ ಹೊತ್ತು ಹೆಬ್ಬೆರಳು ತನ್ನ ಪಾಡಿಗೆ ನಡೆಯುತ್ತಿರಲಿ.

ಯಾರನ್ನು ಕೇಳಬೇಕು, ಯಾವಾಗ

ರಾಬರ್ಟ್ ಜಾನ್ಸನ್‌ನಿಂದ ಶುರು ಮಾಡಬೇಡಿ. 1936 ಮತ್ತು 37ರಲ್ಲಿ ಆತ 29 ಹಾಡು ಧ್ವನಿಮುದ್ರಿಸಿದ, 1938ರಲ್ಲಿ ತೀರಿಕೊಂಡ. ಅದ್ಭುತ ಕಲಾವಿದ. ಕೇಳಿ, ಬೇಕಾದಷ್ಟು ಕೇಳಿ. ಆದರೆ ಒಬ್ಬನೇ ಇಬ್ಬರಂತೆ ನುಡಿಸುವ ಆ ಕೈಯನ್ನು ಹೊಸಬರು ನಕಲು ಮಾಡಲು ಹೋದರೆ ಮನಸ್ಸು ಮುರಿಯುತ್ತದೆ.

ಎಲಿಜಬೆತ್ ಕಾಟನ್ ಅವರನ್ನು ನಾನು ಎಲ್ಲ ಗೆಳತಿಯರಿಗೂ ಕೇಳಿಸುತ್ತೇನೆ. ಎಡಗೈಯವರು. ಗಿಟಾರನ್ನು ತಿರುಗಿಸಿ ಹಿಡಿದು, ಬೆರಳುಗಳಿಂದ ಬೇಸ್, ಹೆಬ್ಬೆರಳಿನಿಂದ ಮೇಲಿನ ಸ್ವರ ನುಡಿಸುತ್ತಿದ್ದರು. ಚಿಕ್ಕವರಿದ್ದಾಗ ಕಲಿತದ್ದನ್ನು ಎಷ್ಟೋ ವರ್ಷ ಬಿಟ್ಟೇಬಿಟ್ಟಿದ್ದರು. ಬೇರೆಯವರ ಮನೆಗೆಲಸ ಮಾಡುತ್ತಿದ್ದಾಗ ಮತ್ತೆ ಗಿಟಾರ್ ಹಿಡಿದರು. ಮೊದಲ ಆಲ್ಬಮ್ ಬಂದದ್ದು 1958ರಲ್ಲಿ, ಅರವತ್ತು ದಾಟಿದ ಮೇಲೆ. ವಯಸ್ಸಾಯಿತು, ಈಗೇನು ಕಲಿಯುವುದು ಅನ್ನುವವರಿಗೆ ನಾನು ಬೇರೆ ಏನೂ ಹೇಳುವುದಿಲ್ಲ, ಅವರನ್ನು ಕೇಳಿ ಅನ್ನುತ್ತೇನೆ.

ಜಾನ್ ಹರ್ಟ್ 1928ರಲ್ಲಿ ಧ್ವನಿಮುದ್ರಣ ಮಾಡಿ, ಅದು ಹೆಚ್ಚು ಮಾರಾಟವಾಗದೆ, ತಮ್ಮ ಹಳ್ಳಿ ಅವಲಾನ್‌ಗೆ ವಾಪಸ್ ಹೋಗಿ ಹೊಲ ಮಾಡಿಕೊಂಡಿದ್ದರು. 1963ರಲ್ಲಿ ಜನ ಅವರನ್ನು ಹುಡುಕಿಕೊಂಡು ಹೋದರು. ಅದೇ ವರ್ಷ ನ್ಯೂಪೋರ್ಟ್‌ನ ದೊಡ್ಡ ಉತ್ಸವದಲ್ಲಿ ನುಡಿಸಿದರು. 1966ರಲ್ಲಿ ತೀರಿಕೊಂಡರು. ಅವರ ಗಿಟಾರ್‌ನಲ್ಲಿ ಅವಸರ ಅನ್ನುವುದೇ ಇಲ್ಲ.

ಒಂದೇ ತಂತಿಯ ಬೇಸ್ ಗಟ್ಟಿಯಾದ ಮೇಲೆ ಹರ್ಟ್ ಅವರ ದಾರಿಗೆ ಹೋಗಬಹುದು. ಅಲ್ಲಿ ಹೆಬ್ಬೆರಳು ಎರಡು ತಂತಿಗಳ ನಡುವೆ ಓಡಾಡುತ್ತದೆ. ಸಿ ಕಾರ್ಡ್ ಹಿಡಿಯಿರಿ. ಹೆಬ್ಬೆರಳು ಮೊದಲು 5ನೇ ತಂತಿ, ಆಮೇಲೆ 4ನೇ ತಂತಿ. ಐದು, ನಾಲ್ಕು, ಐದು, ನಾಲ್ಕು. ಜಿ ಕಾರ್ಡಿಗೆ ಬಂದಾಗ ಆರು, ನಾಲ್ಕು, ಆರು, ನಾಲ್ಕು. ಇದಕ್ಕೂ 50ರ ವೇಗ, ಇದಕ್ಕೂ ಅತ್ತೆಯವರ ಪಲ್ಯದ ಪರೀಕ್ಷೆ. ಎಫ್ ಕಾರ್ಡ್ ಬಂದಾಗ ಹಳೇ ಗಿಟಾರ್‌ನ ದಪ್ಪ ಕುತ್ತಿಗೆಯ ಮೇಲೆ ಆರೂ ತಂತಿಯನ್ನು ಒಂದೇ ಬೆರಳಿನಿಂದ ಒತ್ತುವ ಹಟ ಬೇಡ. ತೆಳುವಾದ ನಾಲ್ಕು ತಂತಿ ಸಾಕು: 4ನೇ ತಂತಿಯ 3ನೇ ಫ್ರೆಟ್, 3ನೆಯದರ 2ನೇ ಫ್ರೆಟ್, ಉಳಿದ ಎರಡಕ್ಕೆ 1ನೇ ಫ್ರೆಟ್. ಹೆಬ್ಬೆರಳು ಆಗ 4 ಮತ್ತು 3ನೇ ತಂತಿಗಳ ನಡುವೆ ನಡೆಯಲಿ.